ತೆಪ್ಪವೂ ಬಾಣವೂ

ಒಂದು ಸಾಧನವು ತನ್ನ ಕಾರ್ಯವನ್ನು ಪೂರೈಸಿ ನಿರುಪಯುಕ್ತವಾದ ಮೇಲೆ, ಅದರಿಂದ ಉಪಕೃತನಾದ ಮನುಷ್ಯನಿಗೆ ಅದರ ವಿಷಯದಲ್ಲಿ ಯಾವ ಕರ್ತವ್ಯವಾದರೂ ಉಳಿಯುವುದೇ ಎಂಬ ಪ್ರಶ್ನೆ ಧರ್ಮಜಿಜ್ಞಾಸುಗಳಿಗೆ ಹೊಸದಲ್ಲ. ಮಜ್ಝಿಮ ನಿಕಾಯದಲ್ಲಿ ಬರುವ ತೆಪ್ಪದ ದೃಷ್ಟಾಂತವನ್ನು ಬಹುಮಂದಿ ಬಲ್ಲರು: ಹುಲ್ಲು, ಕಡ್ಡಿ, ಕೊಂಬೆಗಳನ್ನು ಕಟ್ಟಿ ತೆಪ್ಪಮಾಡಿಕೊಂಡು ಮಹಾಪ್ರವಾಹವನ್ನು ದಾಟಿದವನು, ಇದು ನನಗೆ ಉಪಕಾರಿಯಾಯಿತೆಂಬ ಮೋಹದಿಂದ ಅದನ್ನು ತಲೆಯಮೇಲೆ ಹೊತ್ತು ನಡೆಯತಕ್ಕದ್ದಲ್ಲ ಎಂದು ಭಗವಾನ್ ಬುದ್ಧನು ಭಿಕ್ಷುಗಳಿಗೆ ಬೋಧಿಸಿದನು. ಆದರೆ ಆ ತೆಪ್ಪವನ್ನು ದಡಕ್ಕೆಳೆದಿಟ್ಟೋ ನೀರಿನಲ್ಲಿ ತೇಲಬಿಟ್ಟೋ ಮುಂದೆ ಸಾಗಬೇಕೆಂದು ಅಲ್ಲಿಯೇ ಹೇಳಿರುವುದನ್ನು ನೆನೆಯುವವರು ವಿರಳ. ಈ ಎರಡನೆಯ ಮಾತು ನನ್ನ ಮನಸ್ಸಿನಲ್ಲಿ ನೆಲೆನಿಂತದ್ದು, ಅಮೆರಿಕದ ಪಶ್ಚಿಮ ಸೀಮೆಯ ಮರುಭೂಮಿಗಳಲ್ಲಿ ಅನಾಥವಾಗಿ ಬಿದ್ದಿರುವ ಕೆಲವು ಕಾಂಕ್ರೀಟು ಬಾಣಗಳ ಛಾಯಾಚಿತ್ರಗಳನ್ನು ನೋಡುತ್ತ ಕುಳಿತಾಗ.

ಆ ಬಾಣಗಳು ವಿಮಾನದ ಅಂಚೆಗೆ ದಾರಿ ತೋರಿಸಲೆಂದು ಹಾಕಿದವು. ಆ ದೇಶದಲ್ಲಿ ವಿಮಾನದ ಅಂಚೆ ಕ್ರಮಬದ್ಧವಾಗಿ ಮೊದಲಾದದ್ದು 1918ರ ಮೇ 15ರಂದು. ಅಂದಿನ ವೈಮಾನಿಕನಿಗೆ ರೈಲುಹಳಿಯೇ ದಾರಿ, ನದಿಯೇ ಗುರುತು. ಕತ್ತಲಾದೊಡನೆ ಎರಡೂ ಮಾಯ. 1921ರ ಫೆಬ್ರವರಿ 22ರ ರಾತ್ರಿ ಜ್ಯಾಕ್ ನೈಟ್ ಎಂಬ ಚಾಲಕನು ನಾರ್ತ್ ಪ್ಲಾಟಿನಿಂದ ಒಮಾಹಾವರೆಗೆ ಹಾರಿ, ಅಲ್ಲಿಂದ ಮುಂದಕ್ಕೆ ಅಂಚೆಯನ್ನೊಯ್ಯಬೇಕಾದ ವಿಮಾನ ಬಾರದಿರಲು, ತಾನು ಎಂದೂ ಹಾರಿರದ ದಾರಿಯಲ್ಲಿ ಹಿಮಗಾಳಿಯನ್ನು ಸೀಳಿಕೊಂಡು ಷಿಕಾಗೋ ನಗರವನ್ನು ಮುಟ್ಟಿದನು. ಕೆಳಗೆ ಊರಿನ ಜನರು ಅವನಿಗಾಗಿ ದಾರಿಯುದ್ದಕ್ಕೂ ಬೆಂಕಿಯ ಕುಪ್ಪೆಗಳನ್ನು ಹೊತ್ತಿಸಿದ್ದರು. ಅವನ ಮುಖವನ್ನು ಕಾಣದ, ಅವನು ಹೊತ್ತ ಓಲೆಗಳಲ್ಲಿ ತಮ್ಮದೊಂದೂ ಇಲ್ಲದಿರಬಹುದಾದ ಆ ಜನರು ಕೊರೆಯುವ ಚಳಿಯಲ್ಲಿ ಎಚ್ಚರವಿದ್ದು ಬೆಂಕಿಯನ್ನು ಕಾಯ್ದದ್ದು ನನ್ನ ದೃಷ್ಟಿಯಲ್ಲಿ ಯಾವ ಯಜ್ಞಕ್ಕೂ ಕಡಮೆಯಾದುದಲ್ಲ.

ಆ ಬೆಂಕಿಯ ಸ್ಥಾನದಲ್ಲಿಯೇ ಅನಂತರ ದೀಪಗೋಪುರಗಳು ಎದ್ದವು. 1924ರ ಜುಲೈ 1ರಿಂದ ರಾತ್ರಿಯ ಅಂಚೆ ನಿಯತವಾಗಿ ಹಾರತೊಡಗಿತು. ಮುಂದಿನ ಕೆಲವು ವರ್ಷಗಳಲ್ಲಿ ನ್ಯೂಯಾರ್ಕಿನಿಂದ ಸ್ಯಾನ್ ಫ್ರಾನ್ಸಿಸ್ಕೋವರೆಗೆ ಸುಮಾರು ಹತ್ತು ಮೈಲಿಗೊಂದರಂತೆ 51 ಅಡಿ ಎತ್ತರದ ಉಕ್ಕಿನ ಗೋಪುರ, ಅದರ ತುದಿಯಲ್ಲಿ ತಿರುಗುವ ದೀಪ, ಅನೇಕ ಕಡೆ ಬುಡದಲ್ಲಿ 50ರಿಂದ 70 ಅಡಿ ಉದ್ದದ, ಹಳದಿ ಬಣ್ಣ ಬಳಿದ ಬಾಣ. ಮುಖ್ಯ ದೀಪದ ಕೆಳಗೆ ಬಣ್ಣದ ದೀಪಗಳೂ ಇದ್ದವು: ಸಮೀಪದಲ್ಲಿ ಇಳಿಯುವ ಬಯಲಿದ್ದರೆ ಹಸುರು, ಇಲ್ಲದಿದ್ದರೆ ಕೆಂಪು. ಈ ದಾರಿದೀಪಗಳು ಬರುವ ಮೊದಲೂ ಬಂದ ಮೇಲೂ ಸತ್ತ ಅಂಚೆಚಾಲಕರ ಸಂಖ್ಯೆ, 1918ರಿಂದ 1927ರ ಒಳಗೆ, ಮೂವತ್ತನ್ನು ಮೀರಿತ್ತು. ಮುಂದೆ ರೇಡಿಯೋ ಸಂಕೇತ ಬಂದಿತು. ಮೋಡದೊಳಗೂ ಕೇಳುವ ಧ್ವನಿಯ ಮುಂದೆ, ಮೋಡ ಕವಿದರೆ ಕಾಣದ ಬೆಳಕು ಅನಾವಶ್ಯಕವೆನಿಸಿತು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಬಹಳಷ್ಟು ಗೋಪುರಗಳನ್ನು ಉಕ್ಕಿಗಾಗಿ ಬಿಚ್ಚಿಕೊಂಡು ಹೋದರು. ಕಾಂಕ್ರೀಟಿನಿಂದ ಯಾರಿಗೂ ಪ್ರಯೋಜನವಿರಲಿಲ್ಲ, ಬಾಣಗಳು ಉಳಿದವು.

ಈಗ ಅವುಗಳನ್ನು ಹುಡುಕಿ ಹೋಗುವವರು ಕೆಲವರಿದ್ದಾರೆ. ನೆಲದ ಮೇಲೆ ನಿಂತು ನೋಡಿದರೆ ಅದು ಬಾಣವೆಂದೇ ತಿಳಿಯದು. ಪೊದೆಗಳ ನಡುವೆ ಹಾಸಿದ ಬಿರುಕುಗಲ್ಲಿನಂತೆ ತೋರುವುದು. ಸಮೀಪದ ದಿಬ್ಬವನ್ನೇರಿಯೋ, ಇಳಿಬಿಸಿಲಿನ ಓರೆಬೆಳಕಿಗಾಗಿ ಕಾದು ಮೇಲಿನಿಂದ ಚಿತ್ರ ತೆಗೆದೋ ನೋಡಿದಾಗ ಮಾತ್ರ ಅದರ ಆಕಾರ ಪ್ರಕಟವಾಗುತ್ತದೆ. ನಾನು ಬಹಳ ಹೊತ್ತು ನೋಡಿದ ಒಂದು ಚಿತ್ರದಲ್ಲಿ ಬಣ್ಣದ ಲೇಶವೂ ಇರಲಿಲ್ಲ. ಗೋಪುರದ ಕಾಲುಗಳನ್ನು ಹಿಡಿದಿದ್ದ ಕಬ್ಬಿಣದ ಮೊಳೆಗಳು ತುಕ್ಕುಹಿಡಿದು ನಿಂತಿದ್ದವು; ಬಿರುಕಿನಲ್ಲಿ ಒಣಹುಲ್ಲು; ಆದರೂ ಬಾಣದ ಮೊನೆ ಮುಂದಿನ ಬಾಣವಿದ್ದ ದಿಕ್ಕನ್ನು ಸ್ವಲ್ಪವೂ ತಪ್ಪದೆ ತೋರಿಸುತ್ತಿತ್ತು.

ಇಂತಹ ಚಿತ್ರಗಳನ್ನು ಸಂಗ್ರಹಿಸುವುದು ಗತಕಾಲದ ವ್ಯಾಮೋಹವಲ್ಲವೆ, ತಲೆಯಮೇಲೆ ತೆಪ್ಪವನ್ನು ಹೊರುವುದೇ ಅಲ್ಲವೆ ಎಂದು ವೈರಾಗ್ಯಶೀಲರು ಕೇಳಬಹುದು. ಆಕ್ಷೇಪ ಹಗುರವಾದುದಲ್ಲ. ಆದರೆ ಹೊರುವುದು ಒಂದು ಅವಿದ್ಯೆಯಾದರೆ, ಮರೆಯುವುದು ಅದಕ್ಕಿಂತ ಆಳವಾದ ಇನ್ನೊಂದು ಅವಿದ್ಯೆ. ತೆಪ್ಪವನ್ನು ಹೊತ್ತವನಿಗೆ ತಾನು ದಾಟಿದ್ದು ಅನ್ಯಸಹಾಯದಿಂದ ಎಂಬುದಾದರೂ ನೆನಪಿರುವುದು. ಮರೆತವನು ಕಾಲಕ್ರಮದಲ್ಲಿ ತಾನು ಈಜಿಯೇ ದಾಟಿದೆನೆಂದು ನಂಬತೊಡಗುವನು, ಮತ್ತು ಆ ನಂಬಿಕೆಯಿಂದ ಹುಟ್ಟುವ ಅಹಂಕಾರವನ್ನು ಇಳಿಸುವುದು ತೆಪ್ಪವನ್ನು ಇಳಿಸಿದಷ್ಟು ಸುಲಭವಲ್ಲ. ನಮ್ಮವರು ಹೇಳಿದ ಋಣವೆಂಬ ಭಾವನೆಯ ತಿರುಳು ಇದೇ ಎಂದು ನಾನು ತಿಳಿದಿದ್ದೇನೆ: ಪಿತೃಗಳ ಋಣ, ಋಷಿಗಳ ಋಣ ಎಂದಾಗ ಸತ್ತವರಿಗೆ ನಮ್ಮಿಂದ ಏನೋ ಆಗಬೇಕಾಗಿದೆ ಎಂಬುದಕ್ಕಿಂತ, ನಾವು ಸ್ವಯಂಭುಗಳಲ್ಲವೆಂಬ ಅರಿವು ನಮಗೇ ಬೇಕಾಗಿದೆ. ಛಾಯಾಗ್ರಾಹಕನು ಆ ಬಾಣವನ್ನು ಮತ್ತೆ ಬಳಸೆಂದು ಯಾರನ್ನೂ ಕೇಳುವುದಿಲ್ಲ. ತೆಪ್ಪವನ್ನು ದಡಕ್ಕೆಳೆದು ಇರಿಸುತ್ತಾನೆ, ಅಷ್ಟೆ.

ನಮ್ಮ ನಾಡಿಗೂ ಈ ಋಣದಲ್ಲೊಂದು ಪಾಲುಂಟು. 1932ರ ಅಕ್ಟೋಬರ್ 15ರಂದು ಜೆ.ಆರ್.ಡಿ. ಟಾಟಾ ಅವರು ಕರಾಚಿಯಿಂದ ಮುಂಬಯಿಗೆ ತಂದ ಅಂಚೆಯನ್ನು ನೆವಿಲ್ ವಿಂಟ್ಸೆಂಟ್ ಎಂಬ ವೈಮಾನಿಕನು ಬಳ್ಳಾರಿಯ ಮಾರ್ಗವಾಗಿ ಮದರಾಸಿಗೆ ಒಯ್ದನು. ಬಳ್ಳಾರಿಯ ಬಯಲಿನಲ್ಲಿ ಆ ಪುಟ್ಟ ವಿಮಾನ ಇಳಿದದ್ದನ್ನು ಇಂದು ಎಷ್ಟು ಮಂದಿ ಸ್ಮರಿಸುವರು?

ಆದುದರಿಂದ, ಕ್ಯಾಮೆರಾ ಹಿಡಿದು ಇಂತಹ ಗುರುತುಗಳನ್ನು ಅರಸಿ ಹೊರಡುವ ಎಲ್ಲರಲ್ಲಿಯೂ ನನ್ನ ವಿಜ್ಞಾಪನೆ ಇಷ್ಟು: ಜಮೀನಿನ ಒಡೆಯರ ಅಪ್ಪಣೆ ಪಡೆದು ಒಳಗೆ ಹೋಗಿರಿ, ನೆನಪಿಗೆಂದು ಒಂದು ಚೂರನ್ನೂ ಕಿತ್ತು ತರಬೇಡಿರಿ, ಚಿತ್ರದ ಜೊತೆಗೆ ಸ್ಥಳ, ದಿನಾಂಕ, ಬಾಣವು ತೋರಿಸುವ ದಿಕ್ಕು ಮೂರನ್ನೂ ತಪ್ಪದೆ ಬರೆದಿಡಿರಿ.