ಬೆಟ್ಟದ ಪಾದಕ್ಕೆ ನಮಸ್ಕಾರ



ಬೆಳಗ್ಗೆ ಎದ್ದು ನೆಲಕ್ಕೆ ಕಾಲಿಡುವ ಮೊದಲು ಭೂತಾಯಿಯ ಕ್ಷಮೆ ಕೇಳುವುದು ನಮ್ಮ ಹಿರಿಯರ ಪದ್ಧತಿ. ಬರೀ ಕಾಲು ಸೋಕಿದ್ದಕ್ಕೇ ಇಷ್ಟು ವಿನಯ! ಹಾಗಾದರೆ ಜೆಸಿಬಿ ತಂದು ಬೆಟ್ಟದ ಪಾದವನ್ನೇ ಕಡಿಯುವವರು ಎಷ್ಟು ಕ್ಷಮೆ ಕೇಳಬೇಕು?

ಬೆಟ್ಟ ಕುಸಿದರೆ "ದೇವರು ಮುನಿದ" ಅಂತಾರೆ ಜನ. ಆದರೆ ಕುಸಿತ ಒಂದೇ ದಿನದಲ್ಲಿ ಹುಟ್ಟುವುದಿಲ್ಲ. ಮಳೆನೀರು ಮಣ್ಣಿನೊಳಗೆ ಇಳಿದು, ಅಡಿಯ ಬಂಡೆಯ ಮೇಲೆ ನಿಲ್ಲುತ್ತದೆ. ನೀರು ಕುಡಿದ ಮಣ್ಣು ಭಾರವಾಗಿ ಹಿಡಿತ ಸಡಿಲವಾಗುತ್ತದೆ. ಮರದ ಬೇರು ಇದ್ದರೆ, ನೀರು ಹರಿಯಲು ದಾರಿ ಇದ್ದರೆ, ಬಹಳ ಮಟ್ಟಿಗೆ ತಡೆದುಕೊಂಡೀತು. ಮರ ಕಡಿದು, ತೋಡು ಮುಚ್ಚಿ, ರಸ್ತೆಗೋ ಮನೆಗೋ ಅಂತ ಬುಡ ಕತ್ತರಿಸಿದರೆ ಮೇಲಿನ ಮಣ್ಣಿಗೆ ಆಸರೆ ಎಲ್ಲಿ? ಹತ್ತು ವರ್ಷದ ಹಿಂದೆ ಕಡಿದದ್ದರ ಫಲ ಇವತ್ತಿನ ಮಳೆಗೆ ಬರಬಹುದು.

2018ರ ಆಗಸ್ಟ್‌ನಲ್ಲಿ ಕೊಡಗಿನಲ್ಲಿ ಗುಡ್ಡಗಳು ಜಾರಿದವು. ಮನೆ ಕಳೆದುಕೊಂಡ ಎಷ್ಟೋ ಕುಟುಂಬಗಳಿಗೆ ಹೊಸ ಮನೆಯ ಕೀಲಿ ಸಿಕ್ಕಿದ್ದು 2020ರಲ್ಲಿ. ಅದೇ ವರ್ಷದ ಆಗಸ್ಟ್‌ನಲ್ಲಿ ತಲಕಾವೇರಿಯ ಬ್ರಹ್ಮಗಿರಿ ಕುಸಿದು ಅರ್ಚಕರ ಮನೆಯೇ ಮಣ್ಣುಪಾಲಾಯಿತು. 2024ರ ಜುಲೈ 16ರಂದು ಅಂಕೋಲಾ ಹತ್ತಿರದ ಶಿರೂರಿನಲ್ಲಿ ಗುಡ್ಡ ಹೆದ್ದಾರಿಗೆ ಬಿತ್ತು. ಜುಲೈ 30ರ ನಸುಕಿನಲ್ಲಿ ವಯನಾಡಿನ ಮುಂಡಕ್ಕೈ, ಚೂರಲ್‌ಮಲೆ ಕಡೆ 200ಕ್ಕೂ ಹೆಚ್ಚು ಜನ ತೀರಿಕೊಂಡರು.

ಇವರೆಲ್ಲ ಪಾಪಿಗಳೇ? ದಿನವೂ ತಾಯಿ ಕಾವೇರಿಗೆ ಹೂವೇರಿಸಿದ ಕೈಗಳು ಪಾಪ ಮಾಡಿದ್ದವೇ? ಸತ್ತವರನ್ನು ತೋರಿಸಿ "ಅವರ ಕರ್ಮ" ಅನ್ನಬೇಡಿ. ಕಡಿದವನೊಬ್ಬ, ಕೆಳಗೆ ಮಲಗಿದ್ದ ಕೂಸು ಇನ್ನೊಂದು. ಅದಕ್ಕೇ ಈ ತಪ್ಪು ಬಹಳ ದೊಡ್ಡದು.

ಅನೇಕ ಸಲ ಬೆಟ್ಟ ಮೊದಲೇ ಹೇಳುತ್ತದೆ. ನೆಲದಲ್ಲಿ ಹೊಸ ಬಿರುಕು, ಓರೆಯಾದ ಮರ ಅಥವಾ ಕರೆಂಟ್ ಕಂಬ, ಇದ್ದಕ್ಕಿದ್ದಂತೆ ಕೆಂಪಾದ ಒರತೆ, ಒಳಗಿಂದ ಗುಡುಗಿದ ಸದ್ದು ಇವು ಕಂಡರೆ, ಕೇಳಿದರೆ, ಸಾಮಾನು ನೋಡುತ್ತಾ ನಿಲ್ಲಬೇಡಿ. ಮಕ್ಕಳು ಮುದುಕರನ್ನು ಕರಕೊಂಡು ಇಳಿಜಾರಿನ ದಾರಿ ಬಿಟ್ಟು ಪಕ್ಕಕ್ಕೆ ದೂರ ಹೋಗಿ, ಅಕ್ಕಪಕ್ಕದವರಿಗೂ ಕೂಗಿ ಹೇಳಿ. ಏನೂ ಆಗದಿದ್ದರೆ ನಷ್ಟವೇನು? ಒಂದು ರಾತ್ರಿಯ ನಿದ್ದೆ ಅಷ್ಟೇ.

ಮೆಟ್ಟಿಲ ಪಕ್ಕದ ಚರಂಡಿಗೆ ಪ್ಲಾಸ್ಟಿಕ್ ಬಾಟಲಿ ಎಸೆಯಬೇಡಿ, ಅದು ನೀರಿನ ದಾರಿ. ಜೋರು ಮಳೆಗೆ ದಾರಿ ಮುಚ್ಚಿದ ದಿನ "ಅಷ್ಟು ದೂರದಿಂದ ಬಂದಿದ್ದೀವಿ" ಅಂತ ಸಿಬ್ಬಂದಿಯ ಜೊತೆ ಜಗಳಕ್ಕೆ ನಿಲ್ಲಬೇಡಿ. ಸ್ವಾಮಿ ಎಲ್ಲಿಗೂ ಹೋಗುವುದಿಲ್ಲ. ಬೆಟ್ಟದ ಪಾದದಲ್ಲೇ ಕೈಮುಗಿದು, ಕ್ಷೇಮವಾಗಿ ಊರು ಸೇರಿ, ಬಿಸಿಲು ಬಂದ ಮೇಲೆ ಮತ್ತೆ ಬನ್ನಿ.

ಸರ್ವರಿಗೂ ಮಂಗಳವಾಗಲಿ.