ಹತ್ತು ಡಾಲರಿನ ಕೈ

1872ರ ಸೆಪ್ಟೆಂಬರ್ 6. ನ್ಯೂಯಾರ್ಕ್ ರಾಜ್ಯದ ಬಫಲೋ ನಗರದಲ್ಲಿ ಪ್ಯಾಟ್ರಿಕ್ ಮಾರಿಸ್ಸಿ ಎಂಬಾತನನ್ನು ಗಲ್ಲಿಗೇರಿಸಲಾಯಿತು. ತಾಯಿಯನ್ನೇ ಕೊಂದ ಅಪರಾಧ ಅವನದು. ಗಲ್ಲಿನ ಹಿಡಿಕೆ ಎಳೆದವನು ಬಾಡಿಗೆಯ ನೇಣುಗಾರನಲ್ಲ, ಎರೀ ಕೌಂಟಿಯ ಚುನಾಯಿತ ಶೆರಿಫ್ ಗ್ರೋವರ್ ಕ್ಲೀವ್‌ಲ್ಯಾಂಡ್. ಮುಂದೆ ಎರಡು ಬಾರಿ ಅಮೆರಿಕದ ಅಧ್ಯಕ್ಷನಾದವನು.

ಆತನೇ ಎಳೆಯಬೇಕೆಂಬ ಕಡ್ಡಾಯವೇನೂ ಇರಲಿಲ್ಲ. 10 ಡಾಲರ್ ಕೊಟ್ಟು ಕೈಕೆಳಗಿನ ಡೆಪ್ಯುಟಿಯಿಂದ ಈ ಕೆಲಸ ಮಾಡಿಸಲು ಅವಕಾಶವಿತ್ತು. ಕ್ಲೀವ್‌ಲ್ಯಾಂಡ್‌ಗೆ ಮನಸ್ಸು ಒಪ್ಪುತ್ತಿರಲಿಲ್ಲ. ಆದರೂ ತನ್ನ ಕರ್ತವ್ಯವನ್ನು ಇನ್ನೊಬ್ಬನ ತಲೆಗೆ ಕಟ್ಟಲಿಲ್ಲ. 1873ರ ಫೆಬ್ರವರಿ 14ರಂದು ಜಾನ್ ಗ್ಯಾಫ್ನಿಯ ಸರದಿ ಬಂದಾಗಲೂ ಹಾಗೆಯೇ ಮಾಡಿದ. ಮುಂದೆ ಎದುರಾಳಿಗಳು ಅವನನ್ನು 'ಬಫಲೋದ ನೇಣುಗಾರ' ಎಂದು ಹಂಗಿಸಿದರು.

ಮೊದಲು ಓದಿದಾಗ ನನಗೆ ಈ ಮನುಷ್ಯನ ಮೇಲೆ ಗೌರವ ಹುಟ್ಟಿತು. ಪಾಪವಿದ್ದರೆ ನನಗಿರಲಿ, ಸಂಬಳದ ಬಡವನಿಗೆ ಬೇಡ ಎನ್ನುವುದು ಸಣ್ಣ ಮಾತಲ್ಲ. ಆದರೆ ಒಂಬತ್ತು ವರ್ಷ ಹಿಂದಕ್ಕೆ ಹೋದರೆ ಚಿತ್ರ ಕಲಕುತ್ತದೆ. 1863ರಲ್ಲಿ, ಅಂತರ್ಯುದ್ಧದ ನಡುವೆ, ಸೇನೆಗೆ ಸೇರಬೇಕಾದವರ ಪಟ್ಟಿಯಲ್ಲಿ ಇದೇ ಕ್ಲೀವ್‌ಲ್ಯಾಂಡ್‌ನ ಹೆಸರು ಬಂದಿತ್ತು. ಆತ 150 ಡಾಲರ್ ಕೊಟ್ಟು ಪೋಲೆಂಡಿನ ವಲಸಿಗನೊಬ್ಬನನ್ನು ತನ್ನ ಬದಲಿಗೆ ಕಳಿಸಿದ. ಕಾನೂನು ಅದನ್ನೂ ಒಪ್ಪಿತ್ತು. ತಾಯಿ, ತಂಗಿಯರನ್ನು ಸಾಕುವ ಹೊಣೆಯಿತ್ತು, ಇಬ್ಬರು ಸೋದರರು ಆಗಲೇ ಸೇನೆಯಲ್ಲಿದ್ದರು ಎಂಬುದೂ ನಿಜ. ಹಾಗಾದರೆ ಸಾಯುವ ಅಪಾಯವನ್ನು ಇನ್ನೊಬ್ಬನಿಗೆ ಮಾರಬಹುದು, ಕೊಲ್ಲುವ ಹೊಣೆಯನ್ನು ಮಾತ್ರ ಮಾರಬಾರದೇ?

ಅವನ ಅಂತರಂಗದ ತೀರ್ಪು ನನ್ನ ಕೆಲಸವಲ್ಲ. ನನ್ನನ್ನು ಕಾಡುವುದು ಬೇರೆ. ಸ್ವಂತ ಕೈಯಿಂದ ಮಾಡಿದ ಮಾತ್ರಕ್ಕೆ ಕೆಲಸ ನ್ಯಾಯವಾಗುವುದಿಲ್ಲ. ಹಿಡಿಕೆ ಯಾರೇ ಎಳೆಯಲಿ, ಮಾರಿಸ್ಸಿಯ ಕುತ್ತಿಗೆಗೆ ಬಿದ್ದದ್ದು ಅದೇ ಹಗ್ಗ. ಶೆರಿಫ್ ಪ್ರಾಮಾಣಿಕನಾಗಿದ್ದ, ಶಿಕ್ಷೆ ಸರಿಯೇ ಎಂಬ ಪ್ರಶ್ನೆ ಹಾಗೆಯೇ ಉಳಿಯಿತು.

ಆದರೂ ಆ ಪ್ರಾಮಾಣಿಕತೆಗೆ ಒಂದು ಬೆಲೆಯಿದೆ. ಕೈ ಹತ್ತಿರವಿದ್ದಷ್ಟೂ ಪ್ರಶ್ನೆ ಹತ್ತಿರವಿರುತ್ತದೆ. 1888ರ ಕಾನೂನು ನ್ಯೂಯಾರ್ಕಿನಲ್ಲಿ ಮರಣದಂಡನೆಯನ್ನು ಕೌಂಟಿ ಶೆರಿಫ್‌ಗಳಿಂದ ತೆಗೆದು ರಾಜ್ಯದ ಸೆರೆಮನೆಗಳಿಗೆ ಒಪ್ಪಿಸಿತು, ಹಗ್ಗದ ಬದಲು ವಿದ್ಯುತ್ತನ್ನು ತಂದಿತು. 1890ರಲ್ಲಿ ವಿದ್ಯುತ್ ಕುರ್ಚಿಯಲ್ಲಿ ಮೊದಲು ಸತ್ತವನು ಬಫಲೋದಲ್ಲೇ ಕೊಲೆ ಮಾಡಿದ್ದ ವಿಲಿಯಂ ಕೆಮ್ಲರ್; ಸತ್ತದ್ದು ಮಾತ್ರ ದೂರದ ಆಬರ್ನ್ ಸೆರೆಮನೆಯಲ್ಲಿ. ಊರಿನವರು ಮತ ಹಾಕಿ ಆರಿಸಿದ ಕೈ ಅಲ್ಲಿರಲಿಲ್ಲ.

'ಅವನನ್ನು ಗಲ್ಲಿಗೆ ಹಾಕಿ' ಎಂದು ನಾವು ಎಷ್ಟು ಸಲೀಸಾಗಿ ಹೇಳುತ್ತೇವೆ! ಆ ಮಾತಿನಲ್ಲಿ ಕಾಣದ ಡೆಪ್ಯುಟಿಯೊಬ್ಬನಿದ್ದಾನೆ, ಅವನ 10 ಡಾಲರ್ ಇದೆ. ಹಿಡಿಕೆ ನನ್ನ ಕೈಗೇ ಬಂದರೆ ಆಗಲೂ ಅದೇ ಮಾತು ಆಡುತ್ತೇನೆಯೇ? ಉತ್ತರ ಹೌದಾದರೂ ಇಲ್ಲವಾದರೂ, ಕೇಳಿಕೊಳ್ಳದೆ ಆ ಮಾತನ್ನು ಆಡುವ ಹಕ್ಕು ನನಗಿಲ್ಲ.