ಎಲ್ಲಿಗೂ ಹೋಗದ ದಾರಿ

ಚಿಕ್ಕೋಡಿ, ರಾಯಬಾಗ, ಅಥಣಿ ಕಡೆಯ ಹೊಲದ ದಾರಿಯಲ್ಲಿ ಒಬ್ಬರೇ ನಡೆಯುತ್ತಿದ್ದರೆ ಎದುರಿಗೆ ಬಂದವರು ಕೇಳಿಯೇ ಕೇಳುತ್ತಾರೆ: "ಯಾ ಕಡೆ ಹೊಂಟ್ರಿ?" ಅದು ಕುಶಲ ವಿಚಾರಣೆಯೂ ಹೌದು, ತಪಾಸಣೆಯೂ ಹೌದು. ಕಬ್ಬಿಗೆ ನೀರು ಹಾಯಿಸಲು, ಬೀಗರ ಊರಿಗೆ, ಚಿಂಚಲಿ ಮಾಯಕ್ಕನ ಜಾತ್ರೆಗೆ, ಯಾವ ಉತ್ತರವಾದರೂ ನಡೆಯುತ್ತದೆ. ನಡೆಯದ ಉತ್ತರ ಒಂದೇ: "ಎಲ್ಲಿಗೂ ಇಲ್ಲರಿ, ಹಿಂಗ ಒಂದ ಸುತ್ತ ಹಾಕಿ ಮನಿಗೆ ಹೋಗಾಂವ."

ಇಂಗ್ಲೆಂಡಿನ ಹಳ್ಳಿಗಾಡಿನಲ್ಲಿ ಈ ಉತ್ತರಕ್ಕೆ ಕೈಪಿಡಿಗಳೇ ಇವೆ. ಒಂದು ಹಳ್ಳಿಯ ಇಗರ್ಜಿಯಿಂದ ಹೊರಟು, ಗೋದಿ ಹೊಲ ದಾಟಿ, ಬೇಲಿಗೆ ಇಟ್ಟ ಮೆಟ್ಟಿಲು ಹತ್ತಿಳಿದು, ಮುಂದಿನ ಎರಡು ಹಳ್ಳಿ ಹಾಯ್ದು, ಹೊರಟಲ್ಲಿಗೇ ಬಂದು ಸೇರುವ ಐದಾರು ಮೈಲಿಯ ನಡಿಗೆ. ದಾರಿ ಖಾಸಗಿ ಹೊಲದ ನಡುವೆಯೇ ಹೋಗುತ್ತದೆ. ನೆಲ ಒಡೆಯನದು, ನಡೆಯುವ ಹಕ್ಕು ಎಲ್ಲರದು. ಇದೇನೂ ಅಲ್ಲಿನ ಒಡೆಯರ ಸಜ್ಜನಿಕೆಯಿಂದ ಬಂದದ್ದಲ್ಲ. 1932ರಲ್ಲಿ ಮ್ಯಾಂಚೆಸ್ಟರ್ ಸುತ್ತಲಿನ ದುಡಿಯುವ ಯುವಕರು, ಶ್ರೀಮಂತರು ಬೇಟೆಗೆಂದು ಮುಚ್ಚಿಟ್ಟುಕೊಂಡಿದ್ದ ಕಿಂಡರ್ ಸ್ಕೌಟ್ ಬೆಟ್ಟವನ್ನು ಗುಂಪುಗೂಡಿ ಹತ್ತಿದರು. ಐವರು ಜೈಲಿಗೆ ಹೋದರು. ಹಳ್ಳಿಹಳ್ಳಿಯ ಕಾಲುದಾರಿಗಳಿಗೆ ಅಧಿಕೃತ ನಕಾಶೆ ಆಗಬೇಕೆಂದು ಕಾಯ್ದೆ ಬಂದದ್ದು 1949ರಲ್ಲಿ.

ನಕಾಶೆ ನಮ್ಮಲ್ಲೂ ಇದೆ. ಹಳೆಯ ಮುಂಬೈ ಪ್ರಾಂತದ ಭೂದಾಖಲೆಗಳೇ ನನ್ನ ಪಿಎಚ್‌ಡಿಯ ವಿಷಯವಾದ್ದರಿಂದ ಅವುಗಳ ನಡುವೆಯೇ ನನ್ನ ದಿನ ಕಳೆಯುತ್ತದೆ. ಗ್ರಾಮ ನಕಾಶೆಯಲ್ಲಿ ಎರಡು ತುಂಡುಗೆರೆ ಜೊತೆಯಾಗಿ ಸಾಗಿದರೆ ಬಂಡಿದಾರಿ, ಒಂದೇ ಇದ್ದರೆ ಕಾಲುದಾರಿ. ಚಿಕ್ಕೋಡಿ ತಾಲೂಕಿನ ಕೃಷ್ಣಾ ದಂಡೆಯ ಮೂರು ಹಳ್ಳಿಗಳ ನಕಾಶೆಗಳನ್ನು ಅಂಚಿಗೆ ಅಂಚು ಕೂಡಿಸಿ ನೋಡಿದಾಗ ಒಂಟಿಗೆರೆಗಳು ಸೇರಿ ಒಂದು ಸುತ್ತು ಆಗುತ್ತಿತ್ತು, ಸುಮಾರು ಹನ್ನೊಂದು ಕಿಲೋಮೀಟರ್. ದೀಪಾವಳಿಗೆ ಮುಂಚೆ ಒಂದು ದಿನ ಅದನ್ನು ನಡೆಯಲು ಹೊರಟೆ. ಅರ್ಧ ದಾರಿ ಕಬ್ಬಿನೊಳಗೆ ಹೋಗಿತ್ತು.

ದಾರಿಯನ್ನು ಯಾರೂ ಒಂದು ದಿನ ಕೂತು ಮುಚ್ಚುವುದಿಲ್ಲ. ಜೋಳ ಬೆಳೆಯುವ ಕಾಲಕ್ಕೆ ಬದುವಿನ ಮೇಲಿನ ಎರಡು ಮೊಳ ನೆಲಕ್ಕೆ ಅಂಥ ಬೆಲೆಯಿರಲಿಲ್ಲ. 1939ರಲ್ಲಿ ಉಗಾರದ ಸಕ್ಕರೆ ಕಂಪನಿ ಹುಟ್ಟಿತು, ನದಿಗೆ ಪಂಪು ಕೂತವು, ಸುತ್ತಲೂ ಮತ್ತಷ್ಟು ಕಾರ್ಖಾನೆಗಳು ಎದ್ದವು. ಈಗ ಬದುವಿನ ಪಕ್ಕದ ಒಂದು ಸಾಲು ಕಬ್ಬು ಎಂದರೆ ರೊಕ್ಕ. ಉಳುಮೆ ವರ್ಷಕ್ಕೊಂದು ಗೇಣು ಆಚೆ ಸರಿಯುತ್ತದೆ. ಹತ್ತು ವರ್ಷಕ್ಕೆ ದಾರಿ ಕಾಗದದ ಮೇಲೆ ಮಾತ್ರ ಉಳಿಯುತ್ತದೆ.

ಕಾನೂನು ಏನನ್ನುತ್ತದೆ? 1882ರ ಈಸ್‌ಮೆಂಟ್ ಕಾಯ್ದೆಯ ಪ್ರಕಾರ ಇನ್ನೊಬ್ಬರ ನೆಲದ ಮೇಲೆ ಇಪ್ಪತ್ತು ವರ್ಷ ಅಡೆತಡೆಯಿಲ್ಲದೆ, ಹಕ್ಕೆಂದು ನಡೆದರೆ ದಾರಿಯ ಹಕ್ಕು ಹುಟ್ಟುತ್ತದೆ. ಆದರೆ ಆ ಹಕ್ಕು ಮನುಷ್ಯನ ಕಾಲಿಗೆ ಅಂಟಿದ್ದಲ್ಲ, ಅವನ ಹೊಲಕ್ಕೆ ಅಂಟಿದ್ದು. ಅಂದರೆ ಕಾನೂನೂ ಕೇಳುವುದು ಅದನ್ನೇ: ಯಾ ಕಡೆ ಹೊಂಟ್ರಿ, ಯಾವ ಸರ್ವೆ ನಂಬರಿಗೆ? ನಕಾಶೆಯಲ್ಲಿ ಕಂಡ ದಾರಿಯ ಮಾತು ಬೇರೆ, ಅದು ಎಲ್ಲರದು. ಆದರೂ ಅದನ್ನು ತೆರವು ಮಾಡಿಸಿ ಎಂದು ತಹಶೀಲ್ದಾರರಿಗೆ ಬರೆದ ಅರ್ಜಿಗಳಲ್ಲಿ ನಾನು ಓದಿದವೆಲ್ಲ ಹೊಲವಿದ್ದವರವೇ. ಟ್ರ್ಯಾಕ್ಟರ್ ಹೋಗುತ್ತಿಲ್ಲ, ಕಬ್ಬು ಸಾಗಿಸಲಾಗುತ್ತಿಲ್ಲ ಎಂದು. ನಡೆಯಲಾಗುತ್ತಿಲ್ಲ ಎಂದು ಯಾರೂ ಬರೆದಿಲ್ಲ. ಕಸ ತೆಗೆಯಲು ಮುಂದಿನ ಊರಿಗೆ ಹೋಗುವ ಹೆಂಗಸಿಗೆ ಹೊಲವಿಲ್ಲ. ಕೂಲಿ ಇದ್ದ ದಿನ ಅವಳ ಬಳಿ ಉತ್ತರವಿದೆ. ಕೂಲಿ ಇಲ್ಲದ ದಿನ ಅದೇ ಬದುವಿನ ಮೇಲೆ ಅವಳು ಕಂಡರೆ ಮೇವು ಕದಿಯಲು ಬಂದವಳು.

ಹಾಗಾಗಿ ಸುಮ್ಮನೆ ನಡೆಯುವುದನ್ನು ಹೊಟ್ಟೆ ತುಂಬಿದವರ ಹವ್ಯಾಸ ಎಂದು ತಳ್ಳಿಹಾಕಲು ನನಗೆ ಮನಸ್ಸಾಗುವುದಿಲ್ಲ. ಕಾರಣ ಹೇಳಿ ನಡೆಯಬೇಕಾದಲ್ಲಿ, ಆ ಕಾರಣ ಸಾಕೋ ಸಾಲದೋ ಎಂದು ತೀರ್ಮಾನಿಸುವವನು ಇನ್ನೊಬ್ಬ ಇದ್ದೇ ಇರುತ್ತಾನೆ. ದೇವರ ಕಾರಣಕ್ಕೆ ನಮ್ಮಲ್ಲಿ ಯಾವ ಅಡ್ಡಿಯೂ ಇಲ್ಲ. ಪಂಢರಪುರಕ್ಕೆ ಹೊರಟ ದಿಂಡಿಗೆ ದಾರಿಯೇನು, ನೀರು, ಊಟ, ವಸತಿ ಎಲ್ಲ ಸಿಗುತ್ತದೆ. ಆದರೆ 1924–25ರಲ್ಲಿ ಕೇರಳದ ವೈಕಂನಲ್ಲಿ ಜನ ಸತ್ಯಾಗ್ರಹ ಹೂಡಿದ್ದು ಗುಡಿಯೊಳಗೆ ಹೋಗಲಿಕ್ಕಲ್ಲ, ಗುಡಿಯ ಸುತ್ತಲಿನ ರಸ್ತೆಯಲ್ಲಿ ನಡೆಯಲಿಕ್ಕೆ. (ಅಂಬೇಡ್ಕರ್ ನಮ್ಮ ನಿಪ್ಪಾಣಿಗೆ ಬಂದು ಸಮಾವೇಶದಲ್ಲಿ ಮಾತನಾಡಿದ್ದೂ 1925ರಲ್ಲೇ.) ಬರೀ ಒಂದು ಸುತ್ತು ಹಾಕುವುದಕ್ಕೆ ಅಷ್ಟು ತಿಂಗಳ ಹೋರಾಟ ಬೇಕಾಯಿತು.

ಸುತ್ತುವುದರಲ್ಲೂ ಎರಡು ಬಗೆ. ಸೀಗಿ ಹುಣ್ಣಿಮೆಗೆ, ಎಳ್ಳ ಅಮಾವಾಸ್ಯೆಗೆ ನಮ್ಮವರು ಹೊಲದ ಸುತ್ತ ಚರಗ ಚೆಲ್ಲುತ್ತಾ ನಡೆಯುತ್ತಾರೆ. ಭೂಮಿತಾಯಿಗೆ ಉಣಿಸುವ ಆ ನಡಿಗೆ ನನಗೆ ಪ್ರೀತಿಯದೇ. ಆದರೆ ಅದು ಬಾಂದಿನ ಕಲ್ಲುಗಳನ್ನು ನೋಡಿಕೊಂಡು ಬರುವ ನಡಿಗೆಯೂ ಹೌದು. ಇಂಗ್ಲೆಂಡಿನಲ್ಲೂ ವರ್ಷಕ್ಕೊಮ್ಮೆ ಊರ ಗಡಿ ಸುತ್ತಿ, ಗಡಿಕಲ್ಲುಗಳನ್ನು ಕೋಲಿನಿಂದ ಬಡಿಯುವ ಹಳೆಯ ಪದ್ಧತಿಯಿತ್ತು. ಆ ಸುತ್ತು ಇದು ನಮ್ಮದು ಎನ್ನುತ್ತದೆ. ಕಾಲುದಾರಿಯ ಸುತ್ತು ಏನನ್ನೂ ತನ್ನದೆನ್ನುವುದಿಲ್ಲ, ದಾರಿಯಲ್ಲಿ ಹುಲ್ಲು ಬೆಳೆಯದ ಹಾಗೆ ನೋಡಿಕೊಳ್ಳುತ್ತದೆ, ಅಷ್ಟೇ.

ಇಷ್ಟು ಹೇಳಿದ ಮೇಲೆ ಹೊಲದವನ ಮಾತೂ ಬರಬೇಕು. ಮೂರನೆಯ ಹಳ್ಳಿಯ ಹತ್ತಿರ, ನಕಾಶೆಯ ಗೆರೆ ಹೋಗಬೇಕಾದಲ್ಲಿ ಕಬ್ಬು ಗೋಡೆಯಂತೆ ನಿಂತಿತ್ತು. ಪಂಪಿನ ಮನೆಯ ಕಟ್ಟೆಯ ಮೇಲೆ ಒಬ್ಬ ಅಜ್ಜ ಕೂತಿದ್ದರು. ಮೊದಲು ಯಾ ಕಡೆ ಎಂದು ಕೇಳಿದರು, ಆಮೇಲೆ ಯಾರ ಪೈಕಿ ಎಂದು. ಎರಡನೆಯದಕ್ಕೆ ನನ್ನ ಉತ್ತರ ಕೂರಿಸಿ ನೀರು ಕೊಡುವಂಥದ್ದಾಗಿತ್ತು. ಬೇರೆಯವರ ಉತ್ತರಕ್ಕೆ ಏನಾಗುತ್ತಿತ್ತೆಂದು ಆ ನೀರು ಕುಡಿಯುವಾಗ ಯೋಚಿಸದಿರಲು ಆಗಲಿಲ್ಲ.

"ಇಲ್ಲೆ ದಾರಿ ಇತ್ರಿ, ನಮ್ಮಪ್ಪನ ಕಾಲಕ್ಕ. ಈಗ ಯಾರ ಅಡ್ಡಾಡತಾರ?" ಎಂದರು.

"ದಾರಿ ಇಲ್ಲಂತ ಅಡ್ಡಾಡಂಗಿಲ್ಲೇನೋ ಯಜ್ಜಾ."

ಅವರು ನಕ್ಕರು. ಆಮೇಲೆ ತಮ್ಮ ಲೆಕ್ಕ ಹೇಳಿದರು. ಇರುವುದು ಮೂವತ್ತು ಗುಂಟೆ. ಗುರುತಿಲ್ಲದವರು ಬಂದರೆ ಕಬ್ಬು ಮುರಿಯುತ್ತಾರೆ. ಒಬ್ಬ ಬೀಡಿ ಸೇದಿ ಒಗೆದರೆ ಒಣಗಿದ ರವದಿಗೆ ಬೆಂಕಿ ಹತ್ತಿ ವರ್ಷದ ಬೆಳೆ ಹೋಗುತ್ತದೆ. ಇಂಗ್ಲೆಂಡಿನಲ್ಲಿ ಕಾಲುದಾರಿ ಉತ್ತ ರೈತ 14 ದಿನದೊಳಗೆ ಅದನ್ನು ಮತ್ತೆ ನಡೆಯುವಂತೆ ಮಾಡಿಕೊಡಬೇಕು ಎಂದು ನಾನು ಹೇಳಿದೆ. "ಅವರಿಗೆ ಎಷ್ಟ ಎಕರೆ ಇರತೈತಿ?" ಎಂದು ಕೇಳಿದರು. ಸರಿಯಾದ ಪ್ರಶ್ನೆ. ನೂರಾರು ಎಕರೆಯವನ ನೆಲದಲ್ಲಿ ದಾರಿಗೆಂದು ಹೋಗುವ ಎರಡು ಮೊಳವೂ ಮೂವತ್ತು ಗುಂಟೆಯಲ್ಲಿ ಹೋಗುವ ಎರಡು ಮೊಳವೂ ಒಂದೇ ಅಲ್ಲ. ಎಲ್ಲರ ಕಾಲಿಗೆ ಬೇಕಾದ ದಾರಿಯ ಖರ್ಚನ್ನು ಅವರೊಬ್ಬರೇ ಹೊರಬೇಕು ಎನ್ನುವ ಧೈರ್ಯ ನನಗಿಲ್ಲ.

"ಒಂದ ಸಾಲು ಕಬ್ಬಿನ ರೊಕ್ಕ ಪಂಚಾಯ್ತಿಯವರು ಕೊಡ್ಲಿ, ನಾಳೆನ ಬಿಡತೇನಿ," ಎಂದರು ಅಜ್ಜ. "ಆದರ ಆಜೂಬಾಜೂದಾಂವನೂ ಅವನ ಪಾಲಿಂದು ಬಿಡಬೇಕ. ಅವನೂ ಒಂದ ಗೇಣು ಒತ್ತ್ಯಾನ."

ಅಷ್ಟರಲ್ಲಿ ಕರೆಂಟು ಬಂತು. ಅವರು ಪಂಪು ಚಾಲೂ ಮಾಡಲು ಎದ್ದರು. ನಾನು ಡಾಂಬರು ರಸ್ತೆಯ ಕಡೆ ಹೊರಳಿ, ಉಳಿದ ನಾಲ್ಕು ಕಿಲೋಮೀಟರನ್ನು ಕಬ್ಬಿನ ಟ್ರ್ಯಾಕ್ಟರುಗಳಿಗೆ ಪಕ್ಕ ಕೊಡುತ್ತಾ ನಡೆದೆ.